ಕಡೀಕ ಬಂದಾಂವ

ನನ್ನ ಮೊಮ್ಮಗ ಕಡೀಕ ಬಂದಾನ. ಸಿಂಧನೂರು ತುಂಬ ಪಟಾಕಿ ಹೊಡದಾರ!

ಹಿಂಗ ಬರದರ ಓದಿದವರಿಗೆ ಏನೂ ತಿಳಿಯಂಗಿಲ್ಲ ಮಾವ, ಅಂತ ಸೊಸಿ ಅಂದಳು. ಖರೇನ ಐತಿ. ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟಾಂವ ನಾನು, ಎಲ್ಲಿಂದ ಸುರು ಮಾಡಬೇಕು ಅನ್ನೋದು ಗೊತ್ತಿಲ್ಲ. ಎದಿ ತುಂಬಿ ಉಕ್ಕಾಕತ್ತೈತಿ, ಅದನ್ನ ಬರದರಾತು ಅಂತ ಕುಂತೀನಿ. ಹೊರದೇಶದಾಗ ನಡದ ದೊಡ್ಡ ಪಂದ್ಯ ಅದು, ಎಷ್ಟೋ ದೇಶದವರು ಕೂಡ್ತಾರ. ಅದರಾಗ ಗಂಡಸರ ಬಟರ್‌ಫ್ಲೈ ಈಜು. ನಾವು ಪಾತರಗಿತ್ತಿ ಈಸು ಅಂತೀವಿ. ಎರಡೂ ಕೈ ಒಮ್ಮೆಲೆ ನೀರಿನ ಮ್ಯಾಲೆ ಎತ್ತಿ ಬೀಸಬೇಕು, ಎರಡೂ ಕಾಲು ಜೋಡಿಸಿ ಮೀನಿನ ಬಾಲದಂಗ ಬಡೀಬೇಕು. ಹೋದವರನ್ನೆಲ್ಲ ಸೋಸಿ ಸೋಸಿ ಕಡೀ ಪಂದ್ಯಕ್ಕ ಎಂಟು ಮಂದಿ ಉಳಸ್ತಾರ. ಆ ಎಂಟು ಮಂದ್ಯಾಗ ಒಬ್ಬಾಂವ ನನ್ನ ಮಗನ ಮಗ! ಮೊಬೈಲು ಗ್ವಾಡಿಗೆ ಆನಿಸಿಟ್ಟು ಮನಿಮಂದಿಯೆಲ್ಲ ನೆಲದ ಮ್ಯಾಲೆ ಕುಂತು ನೋಡಿದ್ವಿ. ಅಂವ ಜಿಗದದ್ದೇ ತಡ ನಾ ಎದ್ದು ನಿಂತೆ. ಸ್ವಲ್ಪ ಹೊತ್ತು ಎಲ್ಲಾರ ಸಂಗಾಟನೇ ಇದ್ದ. ಆಮ್ಯಾಲೆ ಆ ತಾಳಿ ಗಿಡದಂಥ ಎತ್ತರದ ಮಂದಿ ಒಬ್ಬೊಬ್ಬರಾಗಿ ದಾಟಿ ಹೋದರು. ನನ್ನ ಮೊಮ್ಮಗ ಎಲ್ಲಾರಕಿಂತ ಕಡೀಕ ಗ್ವಾಡಿ ಮುಟ್ಟಿದ. ನಾ ಕುಣದೆ. ನೋಯೋ ಮಣಕಾಲು ಹೊತ್ತುಕೊಂಡು, ಧೋತರ ಎತ್ತಿ ಕಟ್ಟಿ ಕುಣದೆ. ಸೊಸಿ ನಕ್ಕೋತ ಅಳಾಕತ್ತಳು.

ಕುಣಿಯೋವಾಗಲೇ ಒಂದು ಹಳೇ ಮಾತು ನೆನಪಾತು. ಇಂಥದ್ದೇ ಪಂದ್ಯ, ಇಂಥದ್ದೇ ಈಸು, ಹಿಂಗೇ ಕಡೀಕ ಬಂದದ್ದು, ಇದನ್ನೆಲ್ಲ ನಾ ಸಣ್ಣಾಂವಿದ್ದಾಗ ಕಾಲುವಿ ದಂಡಿ ಮ್ಯಾಲೆ ಒಬ್ಬಾತನ ಬಾಯಾಗ ಕೇಳಿದ್ದೆ. ಆತ ಹೇಳಿದಾಗ ಒಂದು ಪಟಾಕಿ ಹಾರಲಿಲ್ಲ. ಊರು ಆತನ ಮಾರಿ ಮ್ಯಾಲೆ ನಕ್ಕಿತ್ತು.

ಆತನ ಹೆಸರು ನಾ ಇಲ್ಲಿ ಬರಿಯಂಗಿಲ್ಲ. ಬದುಕಿದ್ದಾಗ ಹೆಸರು ಹಿಡಿದು ಕರೀಲಾರದ ಮಂದಿಗೆ ಈಗ ಪುಕ್ಕಟೆ ಹೆಸರು ಯಾಕ ಕೊಡಲಿ?

ದಢೇಸುಗೂರಿನ ಹೊಳಿ ದಂಡಿ ಮನೆತನದಾಂವ ಆತ. ನಡಿಯೋದಕಿಂತ ಮೊದಲು ಈಸು ಕಲಿತಿದ್ದ ಅಂತಿದ್ರು. ನಿಜಾಮನ ರಾಜ್ಯ ಮುಗಿದಮ್ಯಾಲೆ ಫೌಜಿಗೆ ಸೇರಿದ. ಅಲ್ಲಿ ಸಾಹೇಬರು ಈತನ ಭುಜ ನೋಡಿ ಬಂದೂಕು ಬಿಡಿಸಿ ಈಸಾಕ ಹಚ್ಚಿದರಂತ. ಫೌಜು ಬಿಟ್ಟು ಬಂದಾಂವ ನಮ್ಮೂರಾಗ ಅಕ್ಕನ ಮನ್ಯಾಗ ಉಳಕೊಂಡ. ನಮ್ಮೂರು ಸಿಂಧನೂರು ತಾಲೂಕಿನ್ಯಾಗ, ಸಾಲಗುಂದದ ಕಡೆ. ಆಗಷ್ಟೇ ಕಾಲುವಿ ನೀರು ಬಂದಿತ್ತು.

ನಾವು ಎರಿ ಹೊಲದ ಮಂದಿ, ಜ್ವಾಳ ಬೆಳಕೊಂಡು ತಿಂದವರು. ನೀರು ಅಂದ್ರ ನಮಗ ಬಾವಿ, ಇಲ್ಲಾಂದ್ರ ಮುಗಿಲು. ಹರಿಯೋ ನೀರು ಊರ ಮುಂದ ಬಂದಾಗ ಹೆಂಗಸರು ಅರಿಷಿಣ ಕುಂಕುಮ ಏರಿಸಿ ಸೆರಗು ಒಡ್ಡಿದ್ರು. ಆಂಧ್ರದ ಕಡೆಯಿಂದ ಬಂದು ಕ್ಯಾಂಪು ಹಾಕ್ಕೊಂಡವರನ್ನ ನೋಡಿ ಗಂಡಸರು ನೆಲ್ಲು ಹಚ್ಚೋದು ಕಲಿತರು, ಅನ್ನ ಉಣ್ಣೋದು ಕಲಿತರು, ಕೈಗೆ ಗಡಿಯಾರ ಕಟ್ಟೋದು ಕಲಿತರು. ಒಂದೇ ಕಲೀಲಿಲ್ಲ. ಕಾಲುವಿ ಅಂದ್ರ ಉದ್ದನ್ನ ಬಾವಿ ಅಲ್ಲ ಅನ್ನೋದು. ಬಾವ್ಯಾಗ ಜಿಗದಾಂವ ಜಿಗದ ಜಾಗಾದಾಗೇ ಏಳ್ತಾನ. ಕಾಲುವ್ಯಾಗ ಜಿಗದಾಂವ ಎಲ್ಲೋ ಏಳ್ತಾನ. ಇಳಿಜಾರು ಕಲ್ಲಿಗೆ ಪಾಚಿ ಕಟ್ಟಿರತೈತಿ, ಕೈ ಹತ್ತಂಗಿಲ್ಲ. ಎಮ್ಮಿ ಹೋದ್ವು, ಹುಡುಗರು ಹೋದರು. ಬಾವ್ಯಾಗ ಹುಲಿಯಂಗ ಈಸೋ ದೊಡ್ಡ ಗಂಡಸರೂ ಹೋದರು.

ಹೋದವರನ್ನ ತಗೀತಿದ್ದಾಂವ ಆತ ಒಬ್ಬನೇ. ಯಾರೂ ಕೈಮುಗದು ಕರೀತಿರಲಿಲ್ಲ. "ಏ, ಆ ಪಾತರಗಿತ್ತೀನ ಕರೀರೋ" ಅಂತಿದ್ರು. ಅದು ಊರಿಟ್ಟ ಹೆಸರು. ಆರಡಿ ಆಳು, ತಿರುವಿದ ಮೀಸಿ, ಬಾಗಿಲದಾಗ ಅಡ್ಡಾಗಿ ಹೋಗಬೇಕಾದಂಥ ಭುಜ. ಇಂಥಾತಗ ಪಾತರಗಿತ್ತಿ! ಆತ ಬಂದು, ಮೀಸಿ ಮ್ಯಾಲೆ ಒಮ್ಮೆ ಕೈ ಎಳಕೊಂಡು, ನೀರಿಗೆ ಬಿದ್ದು ಹೆಣ ತಂದು ದಂಡಿ ಮ್ಯಾಲೆ ಮಲಗಸ್ತಿದ್ದ. ಅವತ್ತು ಸತ್ತವರ ಮನೀ ಮುಂದಿಂದ ಆತ ಹೋದರ ಆ ಮನ್ಯಾವರೇ ಬಾಗಿಲು ಹಾಕ್ಕೋತಿದ್ರು. ಹೆಣ ಮುಟ್ಟಿದ ಕೈ ಅಲ್ಲೇನು.

ಆತನೇನು ದೇವರಂಥ ಮನಷ್ಯಾ ಅಂತ ನಾ ಹೇಳಾಕತ್ತಿಲ್ಲ. ಜಂಬದ ಮೂಟಿ. ಭುಜಕ್ಕ ಕೊಬ್ಬರಿ ಎಣ್ಣಿ ಹಚ್ಚಿ, ಬನಿಯನ್ನು ಹಾಕ್ಕೊಂಡು, ಹೆಂಗಸರು ಅರಿವಿ ಒಗಿಯೋ ಪಾವಟಿಗಿ ಮುಂದ ಒಂದು ಸಲ ಹೋದಾಂವ ಮತ್ತೊಂದು ಸಲ ತಿರುಗಿ ಬರ್ತಿದ್ದ. ಸೇಂದಿ ಕುಡೀತಿದ್ದ. ಸಿಟ್ಟು ಬಂದರ ಹಿಂದಿ ಬೈಗಳು. ನಮ್ಮಂಥ ಹುಡುಗರನ್ನ ಸಾಲಾಗಿ ನಿಲ್ಲಿಸಿ "ಸಾವ್‌ಧಾನ್!" ಅಂತಿದ್ದ, ನಕ್ಕಾಂವಗ ತಲಿಮ್ಯಾಲೆ ಮೊಟಕ್ತಿದ್ದ. ಪಂದ್ಯದ ಕತಿ ಹೇಳಾಕ ಕುಂತರ ಒಂದು ಸಲಕ್ಕ ಒಂದು ನಮೂನಿ. ಒಮ್ಮೆ ಅಲ್ಲಿ ರಾಣಿ ಬಂದಿದ್ದಳು, ಇನ್ನೊಮ್ಮೆ ರಾಜ ಬಂದಿದ್ದ. ಒಮ್ಮೆ ಚಳಿ, ಒಮ್ಮೆ ಬಿಸಲು. ಖರೆ, ಮೂರು ಮಾತು ಎಂದೂ ಬದಲಾಗಲಿಲ್ಲ. ನೀರು ನೀಲಿ ಇತ್ತು, ತಳದಾಗ ಬಿದ್ದ ಸೂಜಿ ಕಾಣತಿತ್ತು, ಔಷಧ ಹಾಕಿದ್ದಕ್ಕ ಕಣ್ಣು ಉರೀತಿದ್ವು. ಇದು ಒಂದು. ತಾ ಕಡೀಕ ಬಂದೆ ಅನ್ನೋದು ಇನ್ನೊಂದು. ಮೊದಲು ಗ್ವಾಡಿ ಮುಟ್ಟಿದ ಬಿಳಿ ಮನಷ್ಯಾ ನೀರು ಬಿಟ್ಟು ಮ್ಯಾಲೆ ಹತ್ತಲಾರದ, ಈತ ಬಂದು ಮುಟ್ಟೋ ತನಕ ನೀರಿನ ಮ್ಯಾಲೆ ಸಾಲು ಬ್ಯಾರೆ ಮಾಡಾಕ ಕಟ್ಟಿದ ಹಗ್ಗ ಹಿಡಕೊಂಡು ಅಲ್ಲೇ ನಿಂತು, ಆಮ್ಯಾಲೆ ಕೈ ಕುಲುಕಿದ ಅನ್ನೋದು ಮೂರನೇದು. ಇದನ್ನ ಹೇಳೋವಾಗ ಮಾತ್ರ ಆತನ ದನಿ ಸಣ್ಣದಾಗ್ತಿತ್ತು.

ಹನುಮಪ್ಪನ ಗುಡಿ ಕಟ್ಟಿಮ್ಯಾಲೆ ಕುಂತವರಿಗೆ ಅದೇ ಹಬ್ಬ.

"ಏನೋ ಪಾತರಗಿತ್ತಿ, ಎಷ್ಟನೇದಾಂವ ಬಂದಿ ಅಂದಿ?"

"ಎಂಟನೇದಾಂವ್ರೀ."

"ಈಸಿದವರು ಎಷ್ಟು ಮಂದಿ?"

"ಎಂಟ್ರೀ."

ಹೊಟ್ಟಿ ಹಿಡಕೊಂಡು ನಗ್ತಿದ್ರು. "ಅಲ್ಲೋ, ಕಡೀಕ ಬರಾಕ ಅಷ್ಟು ದೂರ ಯಾಕ ಹೋಗಿದ್ದಿ? ಇಲ್ಲೇ ನಮ್ಮ ಎಮ್ಮಿ ಸಂಗಾಟ ಈಸಿದ್ದರ ಆಗ್ತಿತ್ತು!"

ಆತ ಏಳ್ತಿದ್ದ. ಟವಲು ಜಾಡಿಸಿ ಭುಜಕ್ಕ ಹಾಕ್ಕೋತಿದ್ದ. "ಕಡೀಕ ಬಂದಾಂವನೂ ದಂಡಿ ಮುಟ್ಟ್ಯಾನ್ರೀ. ನಿಮ್ಮೂರಾಗ ಎಷ್ಟು ಮಂದಿ ಮುಟ್ಟ್ಯಾರ?" ಅಂತಿದ್ದ. ಆಗ ನಗು ನಿಲ್ತಿತ್ತು. ಯಾಕಂದ್ರ ಕುಂತವರ ಮನ್ಯಾಗೇ ಮುಟ್ಟಲಾರದವರು ಇದ್ದರು.

ಇದನ್ನ ನಾ ಈಗಲೂ ಕೇಳ್ತೀನಿ. ಸುಳ್ಳು ಹೇಳಾಂವ ಗೆದ್ದೆ ಅಂತ ಹೇಳ್ತಾನ. ಕಡೀಕ ಬಂದೆ ಅಂತ ಜಗತ್ತಿನ್ಯಾಗ ಯಾಂವ ಸುಳ್ಳು ಹೇಳ್ಯಾನ? ಇಷ್ಟು ಬುದ್ಧಿ ಆ ಕಟ್ಟಿಮ್ಯಾಲೆ ಒಬ್ಬರಿಗೂ ಇರಲಿಲ್ಲ.

ಒಂದು ಬ್ಯಾಸಗಿ. ಕ್ಯಾಂಪಿನ ಒಂದು ಸಣ್ಣ ಹುಡುಗಿ ಕಾಲುವಿ ಪಾಲಾತು. ಆಕಿನ್ನ ತಂದು ಮಲಗಿಸಿದ ಮ್ಯಾಲೆ ಆತ ಮನಿಗೆ ಹೋಗಲಿಲ್ಲ. ಹಸಿ ಅರಿವ್ಯಾಗೇ ಗುಡಿ ಕಟ್ಟಿಗೆ ಬಂದು ನಿಂತ. ನಾ ನಮ್ಮಪ್ಪನ ತೊಡಿಮ್ಯಾಲೆ ಕುಂತಿದ್ದೆ.

"ನನಗ ಹುಡುಗರನ್ನ ಕೊಡ್ರಿ" ಅಂದ. "ಈ ಬ್ಯಾಸಗಿ ಮುಗಿಯೋದ್ರಾಗ ಒಬ್ಬೊಬ್ಬರಿಗೂ ಹರಿಯೋ ನೀರಿನ್ಯಾಗ ಈಸು ಕಲಸ್ತೀನಿ. ನನಗೇನೂ ಬ್ಯಾಡ್ರಿ. ಹೆಣ ತಂದು ಸಾಕಾಗೈತಿ."

ಎಲ್ಲಾರೂ ನಮ್ಮಪ್ಪನ ಮಾರಿ ನೋಡಿದ್ರು. ನಮ್ಮಪ್ಪನ ಮಾತು ಅಂದ್ರ ಊರಾಗ ನಾಕು ಮಂದಿ ಕೇಳ್ತಿದ್ರು. ಬಾವ್ಯಾಗ ಆತನಂಥ ಈಸಗಾರ ಇರಲಿಲ್ಲ. ಊರ ಅರ್ಧ ಹುಡುಗರಿಗೆ ಈಸು ಕಲಿಸಿದಾಂವ ನಮ್ಮಪ್ಪನೇ. ಪಾತರಗಿತ್ತಿ ಬಂದು ಈಸು ಕಲಸ್ತೀನಿ ಅಂದ್ರ ಅದು ನಮ್ಮಪ್ಪನ ಎದಿಗೆ ಎಲ್ಲಿ ನೆಟ್ಟಿತ್ತೋ.

"ಹೆಣ ಮುಟ್ಟಿದ ಕೈ ನನ್ನ ಮಗನ್ನ ಮುಟ್ಟಬಾರದು" ಅಂದ ನಮ್ಮಪ್ಪ. "ನನ್ನ ಮಗಗ ನಾನೇ ಕಲಸ್ತೀನಿ. ನೋಡುವಂತಿ ಬಾ."

ನಮ್ಮ ಕಡೆ ಈಸು ಕಲಿಸೋ ಪದ್ಧತಿ ಏನು ಅಂದ್ರ, ಹುಡುಗನ ನಡಕ್ಕ ಹಗ್ಗ ಕಟ್ಟತಾರ, ಬಾವಿ ಕಟ್ಟಿಮ್ಯಾಲೆ ನಿಂತು ನೀರಿಗೆ ದೊಬ್ಬತಾರ. ಮುಳುಗಿದರ ಹಗ್ಗ ಎಳೀತಾರ, ಹುಡುಗ ಮ್ಯಾಲೆ ಬರ್ತಾನ. ಎಷ್ಟು ತಲಿಮಾರು ಹಂಗೇ ಕಲಿತಾವೋ, ಒಬ್ಬರೂ ಸತ್ತಿಲ್ಲ. ಕಾಲುವಿ ಬಂದಮ್ಯಾಲೆ ನಮ್ಮ ಬಾವಿ ಹೂಳು ತುಂಬಿತ್ತು. ಅದಕ್ಕ ನಮ್ಮಪ್ಪ ನನ್ನ ಕಾಲುವಿ ಸೇತುವಿಗೆ ಕರಕೊಂಡು ಹೋದ. ಬಾವಿ ಕಟ್ಟಿಮ್ಯಾಲೆ ನಿಂತಂಗ ಸೇತುವಿ ಮ್ಯಾಲೆ ನಿಂತ. ನಡಕ್ಕ ಹಗ್ಗ ಕಟ್ಟಿದ, ಗಂಟು ಎರಡು ಸಲ ಎಳದು ನೋಡಿದ. "ಅಂಜಬ್ಯಾಡೋ, ಹಗ್ಗ ನನ್ನ ಕೈಯಾಗ ಐತಿ" ಅಂದ. ಆ ಮಾತಿನ್ಯಾಗ ಎಷ್ಟು ಪ್ರೀತಿ ಇತ್ತು ಅನ್ನೋದು ನನಗ ಗೊತ್ತೈತಿ. ಆಮ್ಯಾಲೆ ದೊಬ್ಬಿದ.

ಹಗ್ಗ ಬಿಗಿಯಾಗೋ ತನಕ ತೇಲಿದೆ. ಬಿಗಿಯಾದ ಕೂಡಲೇ ತಳಕ್ಕ ಹೋದೆ. ನೀರು ನನ್ನ ಮುಂದಕ್ಕ ಒಯ್ಯಾಕ ನೋಡ್ತು, ಹಗ್ಗ ಬಿಡಲಿಲ್ಲ. ಹರಿಯೋ ನೀರು ಬೆನ್ನಿನ ಮ್ಯಾಲೆ ಏರಿ ಕುಂತು ನನ್ನ ಒತ್ತಾಕತ್ತಿತ್ತು. ಮುಳುಗ್ಯಾನ ಅಂತ ನಮ್ಮಪ್ಪ ಎಳದ. ಎಳದಂಗೆಲ್ಲ ನಾ ಇನ್ನೂ ಕೆಳಗ ಹೋದೆ. ಕೆಳಗ ಹೋದಂಗೆಲ್ಲ ನಮ್ಮಪ್ಪ ಇನ್ನೂ ಜೋರು ಎಳದ.

ಸೇತುವಿ ಮ್ಯಾಲಿನ ಮಾತು ನಾ ಆಮ್ಯಾಲೆ ಕೇಳಿದ್ದು. ಏನೇನು ಮಾತಾತು ಅನ್ನೋದ್ರಾಗ ನಮ್ಮಪ್ಪ, ಆತ ಇಬ್ಬರೂ ಹೇಳಿದ್ದು ಒಂದೇ. ದಂಡಿಮ್ಯಾಲಿಂದ ಆತ ಓಡಿ ಬಂದು, "ಹಗ್ಗ ಬಿಡ್ರೀ! ಧಣೀ, ಹಗ್ಗ ಬಿಡ್ರೀ!" ಅಂತ ಒದರಿದ.

"ಬಿಡಂಗಿಲ್ಲಲೇ!" ಅಂದ ನಮ್ಮಪ್ಪ.

"ಹಗ್ಗನೇ ಕೊಲ್ಲಾಕತ್ತೈತ್ರೀ, ಬಿಡ್ರೀ!"

ಮಗನ ಹಗ್ಗ ಬಿಡು ಅಂದ್ರ ಯಾವ ಅಪ್ಪ ಬಿಡ್ತಾನ? ಬಿಡಲಿಲ್ಲ. ಆಗ ಆತ ನಮ್ಮಪ್ಪನ ನಡದಾಗ ಸಿಗಿಸಿದ್ದ ಕುಡಗೋಲು ಕಸಗೊಂಡು ಹಗ್ಗ ಕೊಯ್ದ. ಕುಡಗೋಲು ಅಲ್ಲೇ ಬಿಸಾಕಿ ಜಿಗದ. ತುಂಡು ಹಗ್ಗ ಹಿಡಕೊಂಡು ನಮ್ಮಪ್ಪ ಬೆನ್ನಮ್ಯಾಲೆ ಬಿದ್ದ.

ನಾ ಬೆಂಡಿನಂಗ ಮ್ಯಾಲೆ ಬಂದೆ. ಒಮ್ಮೆ ಉಸುರು ಸಿಕ್ತು. ಹಿಂದ ನೋಡಿದೆ. ಎರಡೂ ಕೈ ಒಮ್ಮೆಲೆ ನೀರಿನ ಮ್ಯಾಲೆ ಏಳ್ತಿದ್ವು, ಬೀಳ್ತಿದ್ವು. ಆ ಭುಜದ ಮ್ಯಾಲೆ ನೀರು ಬಿಸಲಿಗೆ ಮಿಂಚ್ತಿತ್ತು. ಅಷ್ಟು ದೊಡ್ಡ ರೆಕ್ಕಿ ನಾ ಮತ್ತೆಲ್ಲೂ ನೋಡಿಲ್ಲ. ನನ್ನ ಕೂದಲಕ್ಕ ಕೈ ಹಾಕಿದ, ಅರಿವಿ ಒಗಿಯೋ ಪಾವಟಿಗಿಗೆ ಹಚ್ಚಿದ, ಬೋರಲು ಹಾಕಿ ನೀರು ಕಕ್ಕಿಸಿದ. "ಮುಟ್ಟಿದಿ ನೋಡಲೇ, ದಂಡಿ ಮುಟ್ಟಿದಿ" ಅಂತ ಬೆನ್ನು ಬಡಿಯಾಕತ್ತಿದ್ದ. ಅಷ್ಟರಾಗ ನಮ್ಮಪ್ಪ ಓಡಿ ಬಂದು ನನ್ನ ಕಸಗೊಂಡ.

ಅವತ್ತೇ ಸಂಜಿಗೆ ಕಟ್ಟಿಮ್ಯಾಲೆ ಊರು ಕೂಡಿತು. ಆತನ್ನ ಕೆಳಗ ನಿಲ್ಲಿಸಿದ್ರು. ಸನ್ಮಾನ ಮಾಡಾಕ ಅಂದುಕೊಂಡೀರೇನು?

"ಹಗ್ಗ ಕೊಯ್ದಾಂವ ನೀನೇ ಹೌದಲ್ಲೋ?" ಅಂದ ಹಿರೇ ಮನಷ್ಯಾ.

"ಹೌದ್ರೀ."

"ಯಾಕ?"

"ಹುಡುಗ ಸಾಯಾಕತ್ತಿದ್ದ್ರೀ."

"ಹಗ್ಗ ಇದ್ದಾಂವ ಹೆಂಗ ಸಾಯ್ತಾನೋ? ಹಗ್ಗ ಇಲ್ಲದಾಂವ ಸಾಯ್ತಾನ."

"ಬಾವಿ ನೀರು ನಿಂತಿರತೈತ್ರೀ, ಅಲ್ಲಿ ಹಗ್ಗ ಎತ್ತತೈತಿ. ಕಾಲುವ್ಯಾಗ ಹಗ್ಗ ಒತ್ತತೈತಿ..."

"ನಮಗ ನೀರು ಕಲಸಾಕ ಬಂದಾನ ನೋಡ್ರೋ, ಕಡೀಕ ಬಂದಾಂವ!" ಅಂದ ಯಾವನೋ. ನಗು.

ನಮ್ಮಪ್ಪ ಎದ್ದ. "ಮಗ ನನ್ನ ಕೈಗೆ ಬರಾಕತ್ತಿದ್ದ. ಇಂವ ಕೊಯ್ದ. ಯಾಕಂದ್ರ ತನ್ನ ಈಸು ಊರಿಗೆ ತೋರಸಬೇಕಾಗಿತ್ತು. ಎಲ್ಲೋ ಕಡೀಕ ಬಂದದ್ದಕ್ಕ ಇಲ್ಲಿ ಮೊದಲು ಬರಬೇಕಾಗಿತ್ತು ಇಂವಗ!"

ಮಂದಿ ಹೌದು ಹೌದು ಅಂತ ಗೋಣು ಹಾಕಿದ್ರು. ಎಣ್ಣಿ ಹಚ್ಚಿದ ಭುಜ, ತಿರುವಿದ ಮೀಸಿ, ಪಾವಟಿಗಿ ಮುಂದ ಎರಡೆರಡು ಸಲ ನಡದದ್ದು, ಎಲ್ಲಾ ಅವತ್ತು ಸಾಕ್ಷಿಯಾತು. ನಾ ಅವ್ವನ ಸೆರಗಿನ್ಯಾಗಿಂದ ಹೊರಗ ಬಂದು, "ಯಪ್ಪಾ, ಹಗ್ಗನೇ ನನ್ನ ಮುಳುಗಸಿತ್ತು" ಅಂದೆ. ಒಂದು ಕಪಾಳಕ್ಕ ಬಿತ್ತು. "ನೀರು ಕುಡದಾಂವಗ ಏನು ತಿಳಿದಿರತೈತಿ, ಒಳಗ ಒಯ್ಯಿರಿ" ಅಂದ್ರು.

ಆತ ಕಾಲುವಿಗೆ ಇಳಿಯೋಹಂಗಿಲ್ಲ, ಇಳದರ ಅಕ್ಕನ ಮನಿ ಸುದ್ದಾ ಊರ ಹೊರಗ. ಇದು ತೀರ್ಪು. ಆತ ಮೀಸಿಮ್ಯಾಲೆ ಕೈ ಎಳಕೊಳ್ಳಲಿಲ್ಲ. ನನ್ನ ಕಡೆ ಒಂದು ಸಲ ನೋಡಿದ. ಮುಂದಿನ ವಾರ ಊರಾಗ ಇರಲಿಲ್ಲ.

ನಮ್ಮಪ್ಪ ಕುಡಗೋಲು ಒಯ್ದು ಸೇತುವಿ ಮ್ಯಾಲಿಂದ ಕಾಲುವಿಗೆ ಬಿಸಾಕಿದ. ಹಗ್ಗದ ತುಂಡು ಮಾತ್ರ ಮನಿಗೆ ತಂದು ತೊಲಿಗೆ ತೂಗಹಾಕಿದ. ಆ ವರ್ಷ ಮಹಾನವಮಿ ಆಯುಧ ಪೂಜ್ಯಾಗ ನೇಗಿಲು, ಕುಂಟಿ, ಕೊಡಲಿ ಸಂಗಾಟ ಹಗ್ಗಕ್ಕೂ ವಿಭೂತಿ ಕುಂಕುಮ ಬಿತ್ತು. ವರ್ಷ ವರ್ಷ ಬಿತ್ತು. ಕೊಯ್ದ ಮಾತು ಮೆಲ್ಲಕ ಕತಿಯಾಗಿಂದ ಬಿದ್ದು ಹೋತು, ಅಪ್ಪ ಹಗ್ಗ ಎಳದು ಮಗನ್ನ ಉಳಿಸಿಕೊಂಡ ಅನ್ನೋದೊಂದು ಉಳೀತು. ಇತ್ತ ಕಾಲುವ್ಯಾಗ ಸಾಯೋರೇನು ಕಡಿಮಿ ಆಗಲಿಲ್ಲ. ತಗಿಯಾಂವ ಇಲ್ಲದ್ದಕ್ಕ ಹೆಣ ತಾನೇ ತೇಲೋ ತನಕ ದಂಡಿಮ್ಯಾಲೆ ಕುಂದರತಿದ್ರು. ಆಗ ಒಬ್ಬಾಂವನೂ ಪಾತರಗಿತ್ತಿ ಅನ್ನಲಿಲ್ಲ. ಅಂದಿದ್ದರ ನಾಚಿಕಿ ಬರ್ತಿತ್ತು ನೋಡ್ರಿ.

ನನಗ ಮೀಸಿ ಚಿಗರೋ ವಯಸ್ಸಿನ್ಯಾಗ ಮಸ್ಕಿ ಸಂತಿಗೆ ಎತ್ತು ನೋಡಾಕ ಹೋದೆ. ಮನಸ್ಸಿಗೆ ಬಂದ ಜೋಡಿ ಸಿಗಲಿಲ್ಲ. ಲಿಂಗಸುಗೂರಾಗ ಒಬ್ಬರ ಹತ್ತರ ಅದಾವ ಅಂದ್ರು, ಬಸ್ಸು ಹತ್ತಿದೆ. ಆಗ ಆ ಕಡೆ ನಮ್ಮ ಕಾಲುವಿ ನೀರಿರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತರ ಒಬ್ಬ ಸಾಬರ ಚಹಾದ ಹೋಟೆಲ್ಲು. ಚಹಾ ಕುಡಿಯೋವಾಗ ಒಬ್ಬಾಂವ ಕಾವಡಿಯಾಗ ಎರಡು ಡಬ್ಬಿ ನೀರು ಹೊತ್ತು ತಂದು ಹಂಡೆಕ್ಕ ಸುರುವಿದ. ವಯಸ್ಸಿಗೆ ಮೊದಲೇ ಮೀಸಿ ಬೆಳ್ಳಗಾಗಿತ್ತು, ಹಲ್ಲು ಹೋಗಿದ್ವು. ಭುಜ ಹೋಗಿರಲಿಲ್ಲ.

"ಕಾಕಾ" ಅಂದೆ.

"ಯಾರಲೇ?"

"ನಾನ್ರೀ. ಹಗ್ಗದ ಹುಡುಗ."

ಆತ ನನ್ನ ಮಾರಿ ನೋಡಲಿಲ್ಲ, ಮೊದಲು ನನ್ನ ನಡ ನೋಡಿದ. ಅಲ್ಲಿ ಇನ್ನೂ ಹಗ್ಗ ಐತೇನೋ ಅನ್ನೋಹಂಗ. ಆಮ್ಯಾಲೆ ನಕ್ಕ.

ನನಗ ಪಾತರಗಿತ್ತಿ ಈಸು ಕಲಸ್ರಿ ಅಂದೆ. ಸಿಂಧನೂರಿಗೆ ಬರ್ರಿ, ಕಾಲುವಿ ತುಂಬಿ ಹರಿಯಾಕತ್ತೈತಿ ಅಂದೆ. ಆತ ಗೋಣು ಅಲ್ಲಾಡಿಸಿದ. ಗಿರಾಕಿ ಇಲ್ಲದ ಹೊತ್ತು ನೋಡಿ ಹೋಟೆಲ್ಲಿನ ಉದ್ದನ್ನ ಬೆಂಚು ತೋರಿಸಿ, "ಬೋರಲು ಮಕ್ಕೋ" ಅಂದ.

ಹಿಂಗ ಕಲಿತೆ ನಾನು. ನೀರು ಹೊತ್ತು ತಂದು ಕುಡಿಯೋ ಊರಾಗ, ಚಹಾದ ಬೆಂಚಿನ ಮ್ಯಾಲೆ ಬೋರಲು ಮಲಗಿ ಈಸು ಕಲಿತೆ! ಆತ ತಲೀಕಡೆ ನಿಂತು ಎರಡೂ ರಟ್ಟಿ ಹಿಡದು ಬೀಸಸ್ತಿದ್ದ. "ಕೈಲೆ ಅಲ್ಲೋ ಈಸೋದು, ಎದೀಲೆ. ಎದಿ ಒತ್ತು, ಸೊಂಟ ತಾನೇ ಏಳ್ತೈತಿ. ಹಾಂ, ಬರೋಬರ್!" ಸಾಬರು ಒಲಿ ಮುಂದಿಂದ ಒದರತಿದ್ರು: "ಅರೇ ಭಾಯಿ, ಗಿರಾಕಿ ಕುಂದ್ರೋ ಜಾಗಾ ಇದು! ಇಲ್ಲಿ ತುಮ್ಹಾರಾ ಸಮುಂದರ್ ನಕ್ಕೋ!" ಒದರಿದ್ರೂ ಬೆಂಚು ಖಾಲಿ ಬಿಡತಿದ್ರು. ಲಿಂಗಸುಗೂರಿನ ಸಂತಿಗೆ ಹೋಗೋದು ನನಗ ಚಟ ಆತು. ಅಲ್ಲಿ ಕಲಿತದ್ದನ್ನ ಇಲ್ಲಿ ಕಾಲುವ್ಯಾಗ ಮಾಡಿ ನೋಡತಿದ್ದೆ, ಮೂಗಿನ್ಯಾಗ ನೀರು ಹೋಗತಿತ್ತು, ಮತ್ತ ಹೋಗಿ ಹೇಳತಿದ್ದೆ. ಆತ ನನ್ನ ಮಾತಿನ್ಯಾಗೇ ತಪ್ಪು ಹಿಡೀತಿದ್ದ. ತಾ ಮಾತ್ರ ಎಂದೂ ನೀರಿಗೆ ಇಳೀಲಿಲ್ಲ. ಮಸ್ಕಿ ಹಳ್ಳ ಬಂದೈತಿ, ನಡೀರಿ ಅಂತ ಒಮ್ಮೆ ಕೈ ಹಿಡದು ಎಳದೆ. ಸಿಟ್ಟಿಗೆದ್ದು ಕೈ ಕೊಡವಿದ.

ಅವತ್ತೇ ಆ ಮಾತು ಹೇಳಿದ. "ಪಂದ್ಯದ ಮಾತು ಬಿಡು. ಅದನ್ನ ಯಾರೂ ನಂಬೋದು ಬ್ಯಾಡ. ಹಗ್ಗ ನನ್ನ ಮಗನ್ನ ಮುಳುಗಸಿತ್ತು, ಅದಕ್ಕ ಅಂವ ಕೊಯ್ದ, ಅಂತ ನಿಮ್ಮಪ್ಪ ಕಟ್ಟಿಮ್ಯಾಲೆ ನಿಂತು ಒಂದೇ ಮಾತು ಹೇಳಲಿ. ನಾ ನಡಕೊಂಡು ಬರ್ತೀನಿ ಸಿಂಧನೂರಿಗೆ."

ನಾ ಬಂದು ನಮ್ಮಪ್ಪಗ ಹೇಳಿದೆ. ಕಾಲು ಹಿಡದೆ. "ಯಪ್ಪಾ, ಆತ ಮುದುಕ ಆಗ್ಯಾನ. ಒಂದು ಮಾತು."

ನಮ್ಮಪ್ಪ ತೊಲಿಗೆ ತೂಗೋ ಹಗ್ಗ ನೋಡಿಕೋತ, "ಹಂಗಂದ್ರ ಅವತ್ತು ನಿನ್ನ ಕೊಲ್ಲಾಕತ್ತಿದ್ದಾಂವ ನಾನು ಅಂತ ಊರಿಗೆ ಹೇಳಲೇನೋ?" ಅಂದ.

ನಾ ಹಿಡದ ಕಾಲು ಬಿಟ್ಟೆ. ಖರೆ, ನಮ್ಮಪ್ಪನ ಮಾನ ತಕ್ಕಡಿಯ ಒಂದು ತಟ್ಟ್ಯಾಗ, ಆತನ ಇಡೀ ಬಾಳೇವು ಇನ್ನೊಂದು ತಟ್ಟ್ಯಾಗ ಇದ್ವು. ಯಾವುದು ಕೆಳಗ ಹೋತು ಅನ್ನೋದು ನೋಡಿದೆನಲ್ಲ.

ಮುಂದಿನ ಬ್ಯಾಸಗಿ ಹೋದಾಗ ಬೆಂಚಿನ ಮ್ಯಾಲೆ ಗಿರಾಕಿ ಕುಂತಿದ್ರು. ಸಾಬರು ಚಹಾ ಸೋಸೋದು ಬಿಟ್ಟು ಹೊರಗ ಬಂದು ನನ್ನ ಭುಜದ ಮ್ಯಾಲೆ ಕೈ ಇಟ್ರು. "ಮಧ್ಯಾಹ್ನ ನೀರು ತಂದು ಹಾಕಿದ, ಬೇಟಾ. ಬೆಂಚಿನ ಮ್ಯಾಲೆ ಬೋರಲು ಮಲಗಿದ. ಎರಡೂ ಕೈ ಎರಡೂ ಕಡೆ ಇಳಿಬಿಟ್ಟಿದ್ದ. ನಿನ್ನ ಪಾಠ ಮಾಡಾಕತ್ತಾನ ಅಂದುಕೊಂಡು ನಾ ಎಬ್ಬಸಲಿಲ್ಲ." ಸಾಬರು, ಬಸ್ ಸ್ಟ್ಯಾಂಡಿನ ಹಮಾಲರು ಕೂಡಿ ಮಣ್ಣು ಮಾಡಿದ್ರಂತ. ಅಷ್ಟು ಹೆಣ ದಂಡಿಗೆ ಹಚ್ಚಿದಾತಗ ನಮ್ಮೂರಿಂದ ಒಂದು ಹೆಗಲು ಹೋಗಲಿಲ್ಲ. ನಮ್ಮಪ್ಪ ಇನ್ನೂ ಎಷ್ಟೋ ವರ್ಷ ಬದುಕಿದ. ಚಂದಾಗೇ ಸತ್ತ, ಊರೆಲ್ಲ ಕೂಡಿತ್ತು.

ಮೊಮ್ಮಗಗ ನಾನೇ ಕಲಿಸಿದೆ. ಮೊದಲು ಮನಿ ಮುಂದಿನ ಬೆಂಚಿನ ಮ್ಯಾಲೆ, ಆಮ್ಯಾಲೆ ಕಾಲುವ್ಯಾಗ, ಹಗ್ಗ ಇಲ್ಲದ. ಸಾಲಿ ಪಂದ್ಯದಾಗ ಅಂವನ್ನ ನೋಡಿದವರು ಹಾಸ್ಟೆಲ್ಲಿಗೆ ಕರಕೊಂಡು ಹೋದರು. ಮುಂದಿನದು ನಿಮಗ ಗೊತ್ತೈತಿ, ಎಂಟು ಮಂದ್ಯಾಗ ಒಬ್ಬ!

ಮೊನ್ನೆ ಸಿಂಧನೂರಾಗ ಸನ್ಮಾನ ಇಟ್ಟಿದ್ರು. ತೆರೆದ ಜೀಪಿನ್ಯಾಗ ಮೆರವಣಿಗಿ, ಡೊಳ್ಳು, ಹೂವು. ನನ್ನನ್ನೂ ಹತ್ತಿಸಿದ್ರು. ಖುಷಿ ತಡಿಯಾಕ ಆಗಲಾರದ ಪಟಗ ಬಿಚ್ಚಿ ಗಾಳ್ಯಾಗ ಬೀಸಿದೆ. ವೇದಿಕಿ ಹಿಂದ ದೊಡ್ಡ ಬ್ಯಾನರು. ಅದರಾಗ ಮೊಮ್ಮಗ, ಅಂವನ ಬಾಜೂಕ ನಮ್ಮಪ್ಪನ ಫೋಟೋ, ಕೆಳಗ ಹಗ್ಗದ ಚಿತ್ರ. ಭಾಷಣ ಮಾಡಾಂವ ಮೈಕಿನ್ಯಾಗ ಒದರಿದ: "ಅವತ್ತು ಮುತ್ತಜ್ಜ ಆ ಹಗ್ಗ ಬಿಟ್ಟಿದ್ದರೆ, ಇವತ್ತು ಈ ಮರಿಮೊಮ್ಮಗ ಇರುತ್ತಿದ್ದನೇ, ಬಂಧುಗಳೇ?" ಚಪ್ಪಾಳಿ.

ನಾ ಎದ್ದು ಮೈಕು ಕಸಗೊಂಡೆ. "ಅದು ಸುಳ್ಳು! ನಡಕ್ಕ ಹಗ್ಗ ಕಟ್ಟಿ ಸೇತುವಿ ಮ್ಯಾಲಿಂದ ದೊಬ್ಬಿದ್ರು, ಆ ಹಗ್ಗನೇ ನನ್ನ ಕೊಲ್ಲಾಕತ್ತಿತ್ತು. ಕೊಯ್ದಾಂವ ಬ್ಯಾರೇದಾಂವ. ಆತನೂ ಇದೇ ಈಸು ಈಸಿದ್ದ, ಹಿಂಗೇ ಕಡೀಕ ಬಂದಿದ್ದ, ನೀವು ಆತನ್ನ..." ಅನ್ನೋದ್ರಾಗ ದನಿ ಒಡೀತು, ಕಣ್ಣಾಗ ನೀರು ಬಂತು. ಮಂದಿ ಎದ್ದು ನಿಂತು ಚಪ್ಪಾಳಿ ಹೊಡದ್ರು! ಭಾಷಣದಾಂವ ನನ್ನ ಹೆಗಲು ಹಿಡದು ಕುಂದರಿಸಿ, "ಅಜ್ಜಾರಿಗೆ ಖುಷಿ ಹೆಚ್ಚಾಗಿ ಏನು ಮಾತಾಡಾಕತ್ತಾರ ಅನ್ನೋದು ತಿಳಿಯವಲ್ದು" ಅಂದ. ಎಲ್ಲಾರೂ ಪ್ರೀತಿಯಿಂದ ನಕ್ಕರು. ಅವತ್ತು ನೀರು ಕುಡದಾಂವ ಅಂದ್ರು, ಇವತ್ತು ಖುಷಿ ಕುಡದಾಂವ ಅಂದ್ರು. ಒಟ್ಟು ನನ್ನ ಮಾತು ಯಾರಿಗೂ ಬ್ಯಾಡ.

ಮನಿಗೆ ಬಂದ್ವಿ. ಮೊಮ್ಮಗ ಕೊಳ್ಳಾಗಿನ ಹಾರ ತಗದು ಮೂಲಿಗಿಟ್ಟ. ಮಾರಿ ಸಣ್ಣದು ಮಾಡ್ಕೊಂಡಿದ್ದ.

"ತಾತಾ, ನಾ ಕಡೀಕ ಬಂದೀನಿ. ಇವರು ಯಾಕ ಇಷ್ಟು ಕುಣೀತಾರ?"

"ನೀ ದಂಡಿ ಮುಟ್ಟಿದೆಲ್ಲೋ" ಅಂದೆ.

ಸೊಸಿ ತಂದ ಚಹಾ ಕೈಯಾಗ ಹಿಡದು ಅಂವನೇ ಕೇಳಿದ. "ಮೈಕಿನ್ಯಾಗ ಹೇಳಿದ್ದು ಏನು? ಹಗ್ಗ ಕಟ್ಟಿ, ಸೇತುವಿ ಮ್ಯಾಲಿಂದ ಹರಿಯೋ ನೀರಿಗೆ ಬಿಟ್ಟಿದ್ರಾ?"

"ಹೌದು."

"ಯಾರಾದ್ರೂ ಹಂಗ ಮಾಡತಾರೇನು? ಹಗ್ಗ ಬಿಗಿಯಾದ್ರ ನೀರು ಕೆಳಗ ಒತ್ತತೈತಿ. ಸತ್ತೇ ಹೋಗತಾರ, ತಾತಾ!"

ಇಷ್ಟೇ. ಇಡೀ ಊರು ಒಂದು ಜನ್ಮ ಪೂರ್ತಿ ಕೇಳಲಾರದ ಮಾತು, ನೀರು ಬಲ್ಲ ಹುಡುಗ ಚಹಾ ಆರೋದ್ರಾಗ ಹೇಳಿದ. ಆಮ್ಯಾಲೆ ಎದ್ದು ಹೋಗಿ ತೊಲಿಗೆ ತೂಗೋ ಹಗ್ಗದ ತುದಿ ಹಿಡದ. ವರ್ಷ ವರ್ಷದ ಕುಂಕುಮ ಅಲ್ಲಿ ಹೆಪ್ಪುಗಟ್ಟಿತ್ತು. ಉಗುರಿಲೆ ಕೆರದ. ಕೆಂಪು ಪುಡಿ ಉದುರಿತು, ಎಳಿ ಕಂಡ್ವು. ಎಲ್ಲಾ ಎಳಿ ಒಂದೇ ಸಮ.

"ಇದು ಹರದದ್ದಲ್ಲ, ಕೊಯ್ದದ್ದು" ಅಂದ. "ಅವರ ಹೆಸರೇನು ತಾತಾ?"

ಕಿವ್ಯಾಗ ಹೇಳಿದೆ. ಅಂವ ಗಟ್ಟಿಯಾಗಿ ಒಂದು ಸಲ ಅಂದ. ಒಳಗಿಂದ ಸೊಸಿ, "ಯಾರ ಹೆಸರದು?" ಅಂತ ಕೇಳಿದಳು. ಇಷ್ಟು ವರ್ಷದಾಗ ಈ ಮನ್ಯಾಗ ಆ ಹೆಸರು ಕೇಳಿದ್ದು ಅವತ್ತೇ ಮೊದಲು. ಅಂವ ಹಗ್ಗದ ತುದಿ ಬಿಡಲಾರದ ಹೇಳಿದ:

"ನನಕಿಂತ ಮೊದಲು ಕಡೀಕ ಬಂದವರದು, ಅವ್ವಾ."